ಮಕ್ಕಳ ಅವಮಾನ ಗೋಡೆ ಪತ್ರಿಕೆಗೆ ಬರಬೇಕಾ?

ಕನ್ನಡ_ಮೇಷ್ಟ್ರು: ಒಂಬತ್ತನೇ ತರಗತಿಗೆ ‘ನನಗೆ ಬೇಜಾರಾದ ದಿನ’ ಅಂತ ಒಂದು ಪುಟ ಬರೆಯೋಕೆ ಹೇಳಿದ್ದೆ. ಹೆಚ್ಚಿನವರದ್ದು ಮಾರ್ಕ್ಸು, ಮೊಬೈಲು, ಕಳೆದುಹೋದ ಸೈಕಲ್ಲು. ಒಬ್ಬ ಹುಡುಗ ಮಾತ್ರ ಹೀಗೆ ಬರೆದಿದ್ದಾನೆ: ಊರಿನ ಕಟಿಂಗ್ ಅಂಗಡಿಯಲ್ಲಿ ನಮ್ಮ ಕೇರಿಯವರ ತಲೆಗೆ ಕತ್ತರಿ ಮುಟ್ಟಿಸಲ್ಲ, ಅಪ್ಪ ಬಸ್ಸಲ್ಲಿ ಪೇಟೆಗೆ ಕರ್ಕೊಂಡು ಹೋಗ್ತಾರೆ, ಇಬ್ಬರ ಬಸ್ ಚಾರ್ಜೇ ಕಟಿಂಗಿಗಿಂತ ಜಾಸ್ತಿ. ಇದನ್ನ ಶಾಲೆಯ ಗೋಡೆ ಪತ್ರಿಕೆಗೆ ಹಾಕಿದರೆ ಉಳಿದ ಮಕ್ಕಳ ಕಣ್ಣು ತೆರೆಯುತ್ತೆ ಅನ್ನಿಸ್ತಿದೆ. ಏನಂತೀರಿ?

ಮಳೆಬಿಲ್ಲು: ಖಂಡಿತ ಹಾಕಿ ಸರ್. ದಲಿತ ಕವಿ ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ನೆನಪಿಸಿಕೊಳ್ಳಿ. ಹೊಲದಲ್ಲಿ ಎತ್ತಿನ ಬದಲು ಇಬ್ಬರು ಮನುಷ್ಯರು ನೊಗ ಹೊತ್ತು ಎಳೀತಿರ್ತಾರೆ, ಅವರಲ್ಲಿ ಒಬ್ಬರು ಸಿದ್ದಲಿಂಗಯ್ಯನವರ ಅಪ್ಪ. ಕಾಲೇಜಲ್ಲಿ ಅದನ್ನ ಓದಿ ಬಂದ ನಮ್ಮಣ್ಣ ತೋಟದ ಕೆಲಸಕ್ಕೆ ಬರೋ ಹಿರಿಯರನ್ನ ‘ಬಾರೋ ಹೋಗೋ’ ಅನ್ನೋದು ಬಿಟ್ಟ. ಯಾವ ಭಾಷಣವೂ ಅವನ ಬಾಯಿ ತಿದ್ದಿರಲಿಲ್ಲ.

ಸುಮ್ನೆ_ಒಬ್ಬ: ಶಾಲೆಗೆ ಜಾತಿ ಯಾಕೆ ತರ್ತೀರಿ ಸ್ವಾಮಿ? ಮಕ್ಕಳು ಒಟ್ಟಿಗೆ ಆಡ್ಕೊಂಡು ಚೆನ್ನಾಗೇ ಇದ್ದಾರೆ.

ಮಳೆಬಿಲ್ಲು: ಮೇಷ್ಟ್ರು ತಂದಿದ್ದಾ? ಆ ಹುಡುಗನ ತಲೆಗೂದಲಿನ ಜೊತೆಗೇ ಬಂದಿದೆ.

ಗದಗ_ಹುಡುಗಿ: ಸಿದ್ದಲಿಂಗಯ್ಯನವರು ಅದನ್ನ ಬರೆಯೂ ಹೊತ್ತಿಗೆ ಹೆಸರಾದ ಕವಿ ಆಗಿದ್ರು ರೀ. ಏನ್ ಹೇಳಬೇಕು, ಏನ್ ಬಿಡಬೇಕು, ಎಲ್ಲಿ ನಗಸಬೇಕು ಅನ್ನೂದು ಅವರ ಕೈಯಾಗ ಇತ್ತು. ಈ ಹುಡುಗ ನಾಳೆ ಅದೇ ಓಣ್ಯಾಗ ತಿರಗಬೇಕು. ಕಟಿಂಗ್ ಅಂಗಡಿಯವರ ಮಗ ಅದೇ ಕ್ಲಾಸಿನ್ಯಾಗ ಇದ್ರ? ಹೈಸ್ಕೂಲಿನ್ಯಾಗ ನಂದೊಂದು ಇಂಥಾದ್ದೇ ಪ್ರಬಂಧ ಪ್ರಾರ್ಥನಾ ಹೊತ್ತಿನ್ಯಾಗ ಓದಿಸಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ಅವತ್ತಿಂದ ‘ಪಾಪ’ ಅಂತ ತಮ್ಮ ಡಬ್ಬಿಯೊಳಗಿಂದು ಕೊಡಾಕ ಬರ್ತಿದ್ರು. ನನ್ನ ಡಬ್ಬಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ.

ಹಳೇ_ವಕೀಲ: ಅಸ್ಪೃಶ್ಯತೆಯ ಕಾರಣಕ್ಕೆ ಅಂಗಡಿಯಲ್ಲಿ ಸೇವೆ ಕೊಡದಿರುವುದು 1955ರ ಕಾಯ್ದೆಯಿಂದಲೇ ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆ ಬೇರೆ ಇದೆ. ಆ ಪುಟವನ್ನು ದೂರು ಅಂತ ಓದಿ ಮೇಷ್ಟ್ರೇ. ಪತ್ರಿಕೆಯ ಗೋಡೆಗಿಂತ ಸಮಾಜ ಕಲ್ಯಾಣ ಇಲಾಖೆಯ ಮೇಜು ಅದಕ್ಕೆ ಸರಿಯಾದ ಜಾಗ.

ಮಳೆಬಿಲ್ಲು: ಹಾಗಂತ ಮಕ್ಕಳು ಬಾಯಿ ಮುಚ್ಕೊಂಡಿರಬೇಕಾ? ಪುಣೆಯ ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮುಕ್ತಾ ಸಾಳ್ವೆ 14ರ ಹುಡುಗಿ. ಆಗ ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಮಾಂಗ್, ಮಹಾರ್ ಜನರ ಕಷ್ಟದ ಬಗ್ಗೆ ಅವಳು ಬರೆದ ಪ್ರಬಂಧ 1855ರಲ್ಲೇ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯ್ತು. ಅವಳಿಗೂ ಯಾರಾದರೂ ‘ಬೇಡಮ್ಮ’ ಅಂದಿದ್ದರೆ?

ಗದಗ_ಹುಡುಗಿ: ಮುಕ್ತಾ ‘ಅಯ್ಯೋ ಪಾಪ’ ಅನಿಸ್ಕೊಳ್ಳಾಕ ಬರದಾಕಿ ಅಲ್ಲ ಬಿಡ್ರಿ. ವೇದ ನಮಗಷ್ಟೇ ಅಂತ ನೀವು ಅಂದ್ರ ನಮ್ಮ ಧರ್ಮ ಯಾವುದು ಅಂತ ನೇರ ಕೇಳಿದಾಕಿ. ತನ್ನ ಜನ ಓದಬೇಕು ಅಂತ ಹಟ ಹಿಡದಾಕಿ. ಬೇಡ ಅನ್ನಾಕತ್ತಿಲ್ಲ ನಾ. ಯಾವಾಗಲೂ ನೊಂದವರೇ ಯಾಕ ಬರೀಬೇಕು? ಉಳದ ಹುಡುಗರಿಗೂ ಕೊಡ್ರಿ ವಿಷಯ: ‘ನಮ್ಮೂರ ಅಂಗಡಿಗೆ ಯಾರು ಬರ್ತಾರ, ಯಾರು ಬರಂಗಿಲ್ಲ, ಯಾಕ’. ಆ ಕುರ್ಚಿ ಮ್ಯಾಲ ಕುಂತು ಕಟಿಂಗ್ ಮಾಡಿಸ್ಕೊಂಡವರೂ ಒಮ್ಮೆ ಕನ್ನಡಿ ನೋಡಲಿ.

ಸುಮ್ನೆ_ಒಬ್ಬ: ಪೋಷಕರು ಗಲಾಟೆ ಮಾಡ್ತಾರೆ, ಬರೆದಿಟ್ಕೊಳ್ಳಿ.

ಕನ್ನಡ_ಮೇಷ್ಟ್ರು: ಮಾಡಬಹುದು. ಇವತ್ತು ಹುಡುಗನನ್ನೇ ಕರೆದು ಕೇಳಿದೆ. “ಗೋಡೆಗೆ ಬೇಡ ಸಾರ್, ನಿಮಗೆ ಅಂತ ಬರೆದಿದ್ದು” ಅಂದ. ಪುಟ ವಾಪಸ್ ಕೊಟ್ಟೆ. ಗದಗದವರು ಹೇಳಿದ ವಿಷಯ ಸೋಮವಾರ ಇಡೀ ತರಗತಿಗೆ. ವಕೀಲರೇ, ಭಾನುವಾರ ಅವನ ಅಪ್ಪನನ್ನ ನೋಡ್ತೀನಿ. ಅವರು ಹೂಂ ಅಂದರೆ ಅರ್ಜಿ ಹೇಗೆ ಬರೀಬೇಕು?

ಹಳೇ_ವಕೀಲ: ಯಾವ ಅಂಗಡಿ, ಯಾವತ್ತು, ಏನಂದು ಕಳಿಸಿದರು, ಆಗ ಅಲ್ಲಿ ಯಾರಿದ್ದರು. ಇಷ್ಟು ಅವರ ಮಾತಲ್ಲೇ ಇರಲಿ, ನಿಮ್ಮ ಅಲಂಕಾರ ಸೇರಿಸಬೇಡಿ. ಕೊಟ್ಟ ಮೇಲೆ ಸ್ವೀಕೃತಿ ಪಡೆಯದೆ ಕಚೇರಿಯಿಂದ ಎದ್ದು ಬರಬೇಡಿ.