ಮಿರರ್ ಹಾಕಿದ ಡಿಸ್ಕ್: ಡೇಟಾ ರಿಕವರಿ ಮೇಡಂಗೆ ಕೇಳಿ

ಹೊಸಬ: ಮೇಡಂ, ಎರಡು ಡಿಸ್ಕ್ ಹಾಕಿ ರೇಡ್ 1 ಮಾಡಿದ್ದೇನೆ, ಅಂದರೆ ಮಿರರ್: ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ. ಇನ್ನು ಬ್ಯಾಕಪ್ ಬೇಡ ಅಲ್ವಾ?

ಮೇಡಂ: ಬೇಕು. ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲುವುದಿಲ್ಲ, ಮಿರರ್‌ನಿಂದ ಅಷ್ಟೇ ಲಾಭ. ಕೈತಪ್ಪಿ ಫೋಲ್ಡರ್ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ. ದುಡ್ಡಿಗಾಗಿ ಫೈಲಿಗೆ ಬೀಗ ಜಡಿಯುವ ರಾನ್ಸಮ್‌ವೇರ್ ಬಂದರೆ ಎರಡಕ್ಕೂ ಬೀಗ.

ಸುಮ್ನೆ ಓದುಗ: ಎಸ್‌ಎಸ್‌ಡಿ ಜೊತೆ ಹಾರ್ಡ್ ಡಿಸ್ಕ್ ಮಿರರ್ ಮಾಡಬಹುದಾ?

ಫೋಟೋ ಹುಚ್ಚ: ಎರಡು 4 ಟಿಬಿ ಡಿಸ್ಕಿನ ನ್ಯಾಸ್ (ನೆಟ್‌ವರ್ಕಿಗೆ ಹಾಕುವ ಡಿಸ್ಕ್) ಪೆಟ್ಟಿಗೆ, ಮಿರರ್. ನಿನ್ನೆ ಕರೆಂಟ್ ಹೋಗಿ ಬಂತು. ಈಗ ನೋಡಿದರೆ ಕಳೆದ ಏಳು ತಿಂಗಳ ಫೋಟೋಗಳೇ ಇಲ್ಲ! ಅದಕ್ಕೂ ಹಳೆಯವೆಲ್ಲ ಇವೆ. ರೀಬಿಲ್ಡ್ (ಒಂದು ಡಿಸ್ಕ್ ನೋಡಿ ಇನ್ನೊಂದನ್ನು ಮತ್ತೆ ತುಂಬುವುದು) ಮಾಡಲೇ ಎಂದು ಕೇಳುತ್ತಿದೆ. ಒತ್ತಲಾ?

ಮೇಡಂ: ಒತ್ತಬೇಡಿ. ಮೊದಲು ಪೆಟ್ಟಿಗೆ ಆಫ್ ಮಾಡಿ, ಆಮೇಲೆ ಮುಂದೆ ಓದಿ.

ಏಳು ತಿಂಗಳ ಹಿಂದೆಯೇ ಒಂದು ಡಿಸ್ಕ್ ಜೋಡಿಯಿಂದ ಕಳಚಿಕೊಂಡಿದೆ ಅನ್ನಿಸುತ್ತದೆ. ಪೆಟ್ಟಿಗೆ ಎಚ್ಚರಿಸಿರುತ್ತದೆ, ನೀವು ನೋಡಿಲ್ಲ. ಆಮೇಲಿನದೆಲ್ಲ ಇನ್ನೊಂದೇ ಡಿಸ್ಕಿಗೆ ಹೋಗಿದೆ. ನಿನ್ನೆ ಕರೆಂಟ್ ಬಂದಾಗ ಹೊಸ ಫೋಟೋ ಇರುವ ಆ ಡಿಸ್ಕ್ ತಡವಾಗಿ ಎದ್ದಿದೆ, ಅಷ್ಟರಲ್ಲಿ ಕಳಚಿಕೊಂಡಿದ್ದ ಹಳೆಯದು ಯಜಮಾನನಾಗಿ ಕೂತಿದೆ. ಈಗ ರೀಬಿಲ್ಡ್ ಒತ್ತಿದರೆ ಹಳೆಯದನ್ನೇ ಅಸಲಿ ಎಂದುಕೊಂಡು ಹೊಸದರ ಮೇಲೆ ಬರೆಯುತ್ತದೆ. ಹಾಗೆ ಬರೆದುಹೋದದ್ದನ್ನು ನಾನೂ ವಾಪಸ್ ತರಲಾರೆ.

ಎರಡನ್ನೂ ಹೊರತೆಗೆದು ಸೀರಿಯಲ್ ನಂಬರ್, ಯಾವ ಸ್ಲಾಟ್ ಎಂದು ಬರೆದಿಡಿ. ಡಿಡಿರೆಸ್ಕ್ಯೂ ಎಂಬ ಕಾಪಿ ಸಾಫ್ಟ್‌ವೇರ್‌ನಲ್ಲಿ ಒಂದೊಂದನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಅದು ಚೆನ್ನಾಗಿ ಓದುವ ಭಾಗ ಮೊದಲು ಎತ್ತಿಕೊಂಡು ಕೆಟ್ಟ ಭಾಗಕ್ಕೆ ಆಮೇಲೆ ಬರುತ್ತದೆ. ಏನೇ ಪ್ರಯೋಗ ಇದ್ದರೂ ಕಾಪಿಯ ಮೇಲೆ. ಯಾವುದು ಹೊಸದು ಎಂದು ತಿಳಿಯಲು ಅಪ್‌ಡೇಟ್ ಟೈಮ್ ನಂಬಬೇಡಿ. ಹಳೆಯ ಡಿಸ್ಕ್ ನಿನ್ನೆಯಿಂದ ಓಡಿದೆ, ಅದರಲ್ಲೂ ಹೊಸ ತಾರೀಖೇ ಇರುತ್ತದೆ. ಒಳಗಿನ ಫೋಟೋಗಳನ್ನೇ ನೋಡಿ. ಟಕ್ ಟಕ್ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ.

ಎಲ್ಲ ಬಲ್ಲವ: ಫ್ರೀಜರ್‌ನಲ್ಲಿ ಒಂದು ರಾತ್ರಿ ಇಡಿ. ಫಾರ್ವರ್ಡ್ ಬಂದಿತ್ತು, ಗೆಳೆಯನಿಗೆ ಸರಿಹೋಗಿದೆಯಂತೆ.

ಮೇಡಂ: ಇಡಬೇಡಿ. ಹೊರಗೆ ತೆಗೆದಾಗ ಒಳಗೆ ತೇವ ಕೂರುತ್ತದೆ. ಡೇಟಾ ಓದುವ ಹೆಡ್, ತಿರುಗುವ ತಟ್ಟೆಗಿಂತ (ಪ್ಲ್ಯಾಟರ್) ಕೆಲವೇ ನ್ಯಾನೋಮೀಟರ್ ಮೇಲೆ ಹಾರುವಂಥದ್ದು. ಫ್ರೀಜರ್‌ನಿಂದ ಬಂದ ಡಿಸ್ಕ್ ಬಿಚ್ಚಿ ಬಿಚ್ಚಿ ಸಾಕಾಗಿದೆ.

ಲೆಕ್ಕದವ: ರೇಡ್ 5 (ಮೂರು ಅಥವಾ ಹೆಚ್ಚು ಡಿಸ್ಕ್, ಒಂದರಷ್ಟು ಜಾಗ ಮಾತ್ರ ರಕ್ಷಣೆಗೆ) ಹಾಕಿದ್ದರೆ ಈ ತಲೆನೋವೇ ಇಲ್ಲ. ಮೂರು 4 ಟಿಬಿಗೆ 8 ಟಿಬಿ ಜಾಗ. ಮಿರರ್‌ನಲ್ಲಿ ಅರ್ಧ ದಂಡ.

ಹಳೇ ಹುಲಿ: ಎಚ್ಚರಿಕೆ ನೋಡದವರಿಗೆ ಅಲ್ಲೂ ಅದೇ ಗತಿ. ರೀಬಿಲ್ಡ್ ಮಾಡುವಾಗ ಉಳಿದ ಡಿಸ್ಕ್‌ಗಳನ್ನು ಪೂರ್ತಿ ಓದಬೇಕು. ಆಗ ಇನ್ನೊಂದು ಹೋದರೆ ಎಲ್ಲ ಹೋಯ್ತು.

ಲೆಕ್ಕದವ: ಮಿರರ್‌ನಲ್ಲೂ ಓದಬೇಕಲ್ಲ ಸ್ವಾಮಿ?

ಹಳೇ ಹುಲಿ: ಅಲ್ಲಿ ಒಂದು, ನಿಮ್ಮದರಲ್ಲಿ ಎರಡು. ಹೆಸರು ಲೆಕ್ಕದವ ಬೇರೆ.

ಲೆಕ್ಕದವ: ಹೆಸರಿನ ತಂಟೆ ಬೇಡ.

ಸುಮ್ನೆ ಓದುಗ: ಎಸ್‌ಎಸ್‌ಡಿ ಪ್ರಶ್ನೆ? ಎರಡನೇ ಸಲ ಕೇಳುತ್ತಿದ್ದೇನೆ.

ತಡವಾಗಿ ಬಂದವ: ಮಿರರ್ ಇದ್ದರೂ ಬ್ಯಾಕಪ್ ಬೇಕಾ?

ಮೇಡಂ: ಬೇಕು. ಮೇಲೆ ಓದಿ.

ಎಲ್ಲ ಬಲ್ಲವ: ಚೆಕ್‌ಡಿಸ್ಕ್ ಓಡಿಸಿದರೆ ಎಲ್ಲ ಸರಿಹೋಗುತ್ತೆ ಅಂತ ಇನ್ನೊಂದು ಫಾರ್ವರ್ಡ್...

ಮೇಡಂ: ಅದು ರಿಪೇರಿ ಹೆಸರಿನಲ್ಲಿ ಅದೇ ಡಿಸ್ಕಿನ ಮೇಲೆ ಬರೆಯುತ್ತದೆ. ದಯವಿಟ್ಟು ಫೋನ್ ಕೆಳಗಿಡಿ.

ಫೋಟೋ ಹುಚ್ಚ: ಆಫ್ ಮಾಡಿದೆ ಮೇಡಂ. ಆದರೆ ಇಲ್ಲಿ ಕೇಳುವ ಮೊದಲೇ ಒಮ್ಮೆ ಒತ್ತಿದ್ದೆ. 3 ಪರ್ಸೆಂಟ್‌ಗೆ ನಿಲ್ಲಿಸಿದೆ.

ಮೇಡಂ: ಅದನ್ನು ಈಗ ಹೇಳುತ್ತೀರಾ! ಹಾಗಾದರೆ ಹೊಸ ಡಿಸ್ಕಿನ ಶುರುವಿನ ಸುಮಾರು 120 ಜಿಬಿ ಮೇಲೆ ಹಳೆಯದು ಬಂದು ಕೂತಿದೆ. ಫೋಲ್ಡರ್, ಫೈಲಿನ ಹೆಸರು ಸಿಗದೇ ಇರಬಹುದು. ಉಳಿದ ಭಾಗದಲ್ಲಿ ಜೆಪೆಗ್ ಶುರುವಾಗುವ ಬೈಟ್‌ಗಳನ್ನು ಹುಡುಕಿ ಫೋಟೋ ಎತ್ತಬಹುದು. ಆ ಡಿಸ್ಕನ್ನು ಮತ್ತೆ ಪೆಟ್ಟಿಗೆಗೆ ಹಾಕಬೇಡಿ. ಬೇರೆ ಏನೇನು ಒತ್ತಿದ್ದೀರಿ, ಎಲ್ಲ ಬರೆಯಿರಿ.