ಗ್ಲೋ ಇಂಜಿನ್ ಕಾದು ಸೊರಗುತ್ತಿದೆ: ಅನುಭವಸ್ಥರು ತಿಳಿಸಿ

ಪ್ರಶ್ನೆ, ಕಾರವಾರದಿಂದ:
ನನ್ನ ಮಾದರಿ ವಿಮಾನದಲ್ಲಿ 46 ಅಳತೆಯ (0.46 ಘನ ಇಂಚಿನ) ಎರಡು ಸ್ಟ್ರೋಕಿನ ಗ್ಲೋ ಇಂಜಿನ್ ಇದೆ, ಅಂದರೆ ಕಾದ ಪ್ಲಗ್‌ನಿಂದ ಮೆಥನಾಲ್ ಇಂಧನ ಉರಿಸುವ ಪುಟ್ಟ ಇಂಜಿನ್. ಶಿರಸಿಯ ಕಡೆ ಕೊಯ್ಲಾದ ಗದ್ದೆಯಲ್ಲಿ ಚೆನ್ನಾಗಿ ಹಾರುತ್ತಿದ್ದದ್ದು ಇಲ್ಲಿ ಮೇಲೇರುವಾಗಲೇ ಸೊರಗುತ್ತದೆ. ಇಳಿಸಿ ನೀರು ಚಿಮುಕಿಸಿದರೆ ಚುರ್ರೆನ್ನುತ್ತದೆ. ಪ್ಲಗ್ ಬದಲಾಯಿಸಿ ಆಯಿತು. ನೀವೆಲ್ಲ ಏನು ಮಾಡಿದಿರಿ?

ಶಿರಸಿಯಿಂದ:
ದೇವಿಮನೆ ಘಟ್ಟ ಇಳಿದು ಕರಾವಳಿಗೆ ಬಂದ ಮೇಲೆ ನೀಡಲ್ಲನ್ನು (ಇಂಧನದ ಹರಿವನ್ನು ಹೆಚ್ಚು ಕಡಿಮೆ ಮಾಡುವ ತಿರುಪನ್ನು) ಹೊಸದಾಗಿ ಹೊಂದಿಸದೆ ನಾನು ಎಂದೂ ವಿಮಾನ ಬಿಟ್ಟವನಲ್ಲ, ಹಾಗಾಗಿ ನನ್ನ ಇಂಜಿನ್ನಿನ ಪಿಸ್ಟನ್ ಮೊದಲಿನದೇ ಇದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕೆಳಗೆ ಗಾಳಿ ದಟ್ಟವಾದ್ದರಿಂದ ಅದೇ ನೀಡಲ್‌ನಲ್ಲಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕ ಇಂಧನ ಸಾಲದು. ಇಂಜಿನ್ನನ್ನು ತಂಪಾಗಿಡುವುದು ಹೊರಗಿನ ಗಾಳಿಯೊಂದೇ ಅಲ್ಲ. ಒಳಗೆ ಆವಿಯಾಗುವ ಮೆಥನಾಲ್ ಮತ್ತು ಶಾಖವನ್ನು ಹೊತ್ತೊಯ್ಯುವ ಎಣ್ಣೆಯೂ ಹೌದು. ಪೂರ್ಣ ವೇಗದಲ್ಲಿ ಇಂಧನದ ಪೈಪನ್ನು ಕ್ಷಣಮಾತ್ರ ಹಿಚುಕಬೇಕು. ವೇಗ ತುಸು ಏರಿದರೆ ಮಿಶ್ರಣ ರಿಚ್ (ಇಂಧನ ಹೆಚ್ಚು) ಇದೆ, ಏರದೆ ಕುಸಿದರೆ ಲೀನ್. ವಿಮಾನದ ಮೂಗನ್ನು ಮೇಲೆತ್ತಿ ಹಿಡಿದೂ ಕೇಳಬೇಕು, ಏಕೆಂದರೆ ಏರುವಾಗ ಟ್ಯಾಂಕ್ ಕೆಳಗುಳಿದು ಇಂಧನ ಇನ್ನಷ್ಟು ಕಡಿಮೆಯಾಗುತ್ತದೆ.

ಕುಮಟಾದಿಂದ:
ನೀಡಲ್ಲಿನ ಈ ಪಾಠವನ್ನು ಕೇಳಿ ಕೇಳಿ ನನ್ನ ಒಂದು ಬೇಸಿಗೆಯೇ ಹೋಯಿತು. ಕೊನೆಗೆ ಬಿಚ್ಚಿದಾಗ ಹಿಂಬದಿಯ ಬೇರಿಂಗ್ ತುಕ್ಕು ಹಿಡಿದು ಕರಕರ ಎನ್ನುತ್ತಿತ್ತು, ಹಿಂಬದಿ ಮುಚ್ಚಳದ ಗ್ಯಾಸ್ಕೆಟ್ಟಿನಿಂದ ಗಾಳಿ ಒಳನುಗ್ಗುತ್ತಿತ್ತು. ಬೇರಿಂಗ್ ಜೋಡಿಗೆ 1,150 ರೂಪಾಯಿ, ಗ್ಯಾಸ್ಕೆಟ್ಟಿಗೆ 220, ಕೊರಿಯರ್‌ಗೆ 160. ಮೊದಲ ಪೊಟ್ಟಣದಲ್ಲಿ ಬಂದದ್ದು ಬೇರೆಯೇ ಅಳತೆಯದು, ಅದನ್ನು ಮರಳಿಸಿದ ಖರ್ಚೂ ನನ್ನ ತಲೆಗೇ ಬಂತು. ಕರಾವಳಿಯಲ್ಲಿ ಹಾರಿಸಿದ ದಿನವೇ ಟ್ಯಾಂಕ್ ಬರಿದು ಮಾಡಿ, ಉಳಿದ ಇಂಧನವನ್ನು ಉರಿಸಿ ಮುಗಿಸಿ, ಒಳಗೆ ಎಣ್ಣೆ ಬಿಡದಿದ್ದರೆ ಉಕ್ಕು ಉಳಿಯುವುದಿಲ್ಲ. ಇನ್ನು ಶಿರಸಿಯವರ ಲೆಕ್ಕದಲ್ಲಿ ನಮ್ಮ ಮೇ ತಿಂಗಳ ಸೆಕೆ ಎಲ್ಲಿ ಹೋಯಿತು? ಬಿಸಿಯಾದ, ತೇವದ ಗಾಳಿ ಹಗುರವಲ್ಲವೇ?

ಶಿರಸಿಯಿಂದ:
ಹಗುರ ನಿಜ, ಆದರೆ ಎಷ್ಟು? ಐದು ಡಿಗ್ರಿ ಸೆಕೆ ಹೆಚ್ಚಾದರೆ ಗಾಳಿಯ ಸಾಂದ್ರತೆ ಶೇಕಡಾ 2ರಷ್ಟೂ ಇಳಿಯುವುದಿಲ್ಲ. ಘಟ್ಟ ಇಳಿದದ್ದರಿಂದ ಶೇಕಡಾ 5ಕ್ಕಿಂತ ಹೆಚ್ಚು ಏರಿರುತ್ತದೆ. ಬೇರಿಂಗ್ ಕೊಂಡ ಸಿಟ್ಟನ್ನು ಭೌತಶಾಸ್ತ್ರದ ಮೇಲೆ ತೀರಿಸಿಕೊಳ್ಳಬೇಡಿ.

ಅಂಕೋಲಾದಿಂದ:
ನಿಮ್ಮಿಬ್ಬರ ಜಗಳದಲ್ಲಿ ಎಣ್ಣೆಯನ್ನು ಮರೆತಿರಿ. ನಾನು ಮೊದಲಿನಿಂದಲೂ ಹರಳೆಣ್ಣೆ ಬೆರೆತ ಇಂಧನವನ್ನೇ ಹಾಕುವವನು. ಲೀನ್ ಆಗಿ ಕಾದಾಗ ಸಿಂಥೆಟಿಕ್ ಎಣ್ಣೆಗಿಂತ ಅದರ ಪದರ ಹೆಚ್ಚು ತಾಳುತ್ತದೆ. ಮೆಥನಾಲ್ ಗಾಳಿಯ ನೀರನ್ನು ಹೀರುವುದರಿಂದ ಮಳೆಗಾಲದಲ್ಲಿ ಸಡಿಲ ಮುಚ್ಚಳದ ಕ್ಯಾನಿನಲ್ಲಿ ಉಳಿದದ್ದನ್ನು, ಅರ್ಧ ಕ್ಯಾನ್ ಇದ್ದರೂ, ನಾನು ಬಳಸುವುದಿಲ್ಲ. ಹೊಟ್ಟೆ ಉರಿಯುತ್ತದೆ, ಇಂಜಿನ್ ಉಳಿಯುತ್ತದೆ.

ಕುಮಟಾದಿಂದ:
ಹರಳೆಣ್ಣೆಯ ಕಥೆ ನನಗೆ ಬೇಡ ಮಾರಾಯರೇ. ಅದು ಸುಟ್ಟು ಪಿಸ್ಟನ್ನಿಗೂ ಸೈಲೆನ್ಸರಿಗೂ ಕಂದು ವಾರ್ನಿಶ್‌ನಂತೆ ಅಂಟಿದ್ದನ್ನು ಕೂಲೆಂಟ್‌ನಲ್ಲಿ ಕಾಯಿಸಿ ತೆಗೆಯಬೇಕಾಯಿತು. ಕೂಲೆಂಟ್ ವಿಷ, ಅಡುಗೆಯ ಪಾತ್ರೆ ಸಲ್ಲದು. ಅದಕ್ಕೆಂದೇ 450 ರೂಪಾಯಿಯ ಪಾತ್ರೆ ಬೇರೆ ಕೊಂಡೆ.

ಅಂಕೋಲಾದಿಂದ:
ವಾರ್ನಿಶ್ ಉಜ್ಜಿದರೆ ಹೋಗುತ್ತದೆ, ಗೀರು ಬಿದ್ದ ಲೈನರ್ (ಪಿಸ್ಟನ್ ಓಡಾಡುವ ಒಳಗೊಳವೆ) ಮರಳಿ ಬರುವುದಿಲ್ಲ.

ಕಾರವಾರದಿಂದ:
ಪೈಪ್ ಹಿಚುಕಿದೆ, ವೇಗ ಏರದೆ ತಕ್ಷಣ ಕುಸಿಯಿತು. ನೀಡಲ್ ಅರ್ಧ ಸುತ್ತು ತೆರೆದ ಮೇಲೆ ಕಾಯುವುದು ಕಡಿಮೆಯಾಗಿದೆ, ಆದರೆ ಒಮ್ಮೆ ಸರಿಯಾಗಿ ಓಡಿದ ಹೊಂದಿಕೆಯಲ್ಲಿ ಮತ್ತೊಮ್ಮೆ ಓಡುವುದಿಲ್ಲ.

ಕುಮಟಾದಿಂದ:
ಹೊಂದಿಕೆ ನಿಲ್ಲುತ್ತಿಲ್ಲವೆಂದರೆ ಗಾಳಿ ಸೋರುತ್ತಿದೆ. ಇದನ್ನೇ ನಾನು ಮೊದಲು ಹೇಳಿದ್ದು. ಗ್ಯಾಸ್ಕೆಟ್ ತೆಗೆಯಿರಿ.

ಶಿರಸಿಯಿಂದ:
ಇಂಜಿನ್ ಬಿಚ್ಚುವ ಮೊದಲು ಟ್ಯಾಂಕಿನ ಒಳಪೈಪಿನಲ್ಲಿ ಸಣ್ಣ ತೂತಿದೆಯೇ ನೋಡಿ, ಕಾರ್ಬ್ಯುರೇಟರ್ ಬುಡದ ರಬ್ಬರ್ ಉಂಗುರವನ್ನೂ ನೋಡಿ. ಅದು ಹೆಚ್ಚೆಂದರೆ ನೂರು ರೂಪಾಯಿಯ ಕೆಲಸ. ಕುಮಟಾದವರ ಪಟ್ಟಿಯಂತೆ ಹೋದರೆ ಹೊಸ ಪಾತ್ರೆಯನ್ನೂ ಕೊಳ್ಳಬೇಕಾದೀತು.