ಮಾರುತಿ 800 ಮಿಸ್ಸಿಂಗ್: ಎಲ್ಲ ಬದಲಿಸಿದರೂ ಹೋಗುತ್ತಿಲ್ಲ

ಸಾಗರದ800:
ಸಾಕಾಗಿ ಹೋಗಿದೆ. ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ, ಓಡುತ್ತಿದ್ದ ಹಾಗೇ ಎಂಜಿನ್ ತಡವರಿಸುತ್ತದೆ, ಆದರೆ ಯಾವಾಗ ಹೊಡೆಯುತ್ತದೆ ಅಂತ ಹೇಳಕ್ಕಾಗಲ್ಲ. ಒಂದು ದಿನ ಶಿವಮೊಗ್ಗಕ್ಕೆ ಹೋಗಿ ಬಂದರೂ ಕಮಕ್ ಕಿಮಕ್ ಅನ್ನುವುದಿಲ್ಲ. ಇನ್ನೊಂದು ದಿನ ಆನಂದಪುರ ಮುಟ್ಟುವ ಮೊದಲೇ ಜರ್ಕ್ ಶುರು. ಗ್ಯಾರೇಜಿಗೆ ಒಯ್ದರೆ ಅಲ್ಲಿ ಮಾತ್ರ ಒಳ್ಳೇ ಹುಡುಗನ ಹಾಗೆ ನಿಂತಿರುತ್ತದೆ. ಇಗ್ನಿಷನ್ ಸಾಮಾನು ಎಲ್ಲ ಹೊಸದು. ಈಗ ಎಂಜಿನ್ನಿನ ಹೆಡ್ ಇಳಿಸೋಣ ಅನ್ನುತ್ತಿದ್ದಾರೆ. ಇಳಿಸಬೇಕಾ ಬೇಡವಾ? ಬೇಗ ಹೇಳಿ.

ಕಾರ್ಬ್‌ಪ್ರೇಮಿ:
ಯಾವ ವರ್ಷದ್ದು ಸರ್? ಕಾರ್ಬೊರೇಟರಾ, ಎಂಪಿಎಫ್‌ಐ (ಕಂಪ್ಯೂಟರ್ ಇಂಜೆಕ್ಷನ್) ಆ? "ಎಲ್ಲ ಹೊಸದು" ಅಂದರೆ ಏನೇನು?

ಸಾಗರದ800:
1993 ಮಾಡೆಲ್. ಕಾರ್ಬೊರೇಟರೇ ಅಲ್ವಾ, ಆಗ ಎಂಪಿಎಫ್‌ಐ ಎಲ್ಲಿತ್ತು? ಪ್ಲಗ್, ಪ್ಲಗ್ ವೈರ್, ಕ್ಯಾಪ್, ರೋಟರ್, ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿದು ಕಿಡಿ ಎಬ್ಬಿಸುವ ಸಣ್ಣ ಸ್ವಿಚ್), ಕಂಡೆನ್ಸರ್, ಕಾಯಿಲ್. ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದಾರೆ. ಕಂಪ್ರೆಷನ್ ಮೂರೂ ಸಿಲಿಂಡರಿಗೆ ಸರಿಯಿದೆ.

ಹಳೇಗಾಡಿ_ಹುಚ್ಚ:
ಕಂಪ್ರೆಷನ್ ಸರಿಯಿದ್ದರೆ ಹೆಡ್ ಯಾಕೆ ಇಳಿಸಬೇಕು? ಇದು ಪೆಟ್ರೋಲಿನ ಕಥೆ. ಈಗ ಬಂಕಲ್ಲಿ ಸಿಗುವುದು ಇ20. ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಅದು ನೀರು ಹೀರುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ನೀರು ಜಾಸ್ತಿಯಾದರೆ ಎಥನಾಲ್ ಜೊತೆ ಟ್ಯಾಂಕಿನ ತಳದಲ್ಲಿ ಬೇರೆಯಾಗಿ ಕೂರುತ್ತದೆ. ಪಂಪ್ ಅದನ್ನು ಎಳೆದಾಗ ಮಿಸ್ಸಿಂಗ್. ಎಳೆಯದಿದ್ದಾಗ ಸರಿ. ಅದಕ್ಕೇ ಒಂದು ದಿನ ಇದೆ, ಒಂದು ದಿನ ಇಲ್ಲ. ಟ್ಯಾಂಕ್ ಖಾಲಿ ಮಾಡಿಸಿ, ರಬ್ಬರ್ ಪೈಪ್ ಎಲ್ಲ ಬದಲಿಸಿ, 100 ಆಕ್ಟೇನ್ ಪೆಟ್ರೋಲ್ ಹಾಕಿ ಓಡಿಸಿ.

ಕಾರ್ಬ್‌ಪ್ರೇಮಿ:
100 ಆಕ್ಟೇನ್ ಯಾಕೆ ಗುರುಗಳೇ? ಅದು ಕಂಪ್ರೆಷನ್ ಜಾಸ್ತಿ ಇರುವ ಎಂಜಿನಿಗೆ. 800ರ ಕಂಪ್ರೆಷನ್ ರೇಶಿಯೋ 9 ಕೂಡ ಇಲ್ಲ. ದುಡ್ಡು ಸುರಿದ ಹಾಗೆ. ಇ20ಯಿಂದ ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಾಲುವುದಿಲ್ಲ, ಅದು ನಿಜ. ಕಾರ್ಬೊರೇಟರಿಗೆ ಅದನ್ನು ತಾನೇ ಸರಿ ಮಾಡಿಕೊಳ್ಳೋಕೆ ಸೆನ್ಸರ್ ಇಲ್ಲ. ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಒಂದು ಸೈಜ್ ದೊಡ್ಡದು ಹಾಕಿದರೆ ಮುಗಿಯಿತು.

ಹಳೇಗಾಡಿ_ಹುಚ್ಚ:
ಆಕ್ಟೇನಿಗಾಗಿ ಅಲ್ಲ ಸ್ವಾಮಿ, ಎಥನಾಲ್ ಇಲ್ಲದ ಪೆಟ್ರೋಲ್ ಬೇಕು ಅಂತ ಹೇಳಿದ್ದು. ಓದಿ ಉತ್ತರ ಬರೆಯಿರಿ.

ಕುಡ್ಲ_118:
ಮಾರಾಯ್ರೇ, ಪಾಯಿಂಟ್ ಗಾಡಿ ಇಟ್ಟುಕೊಂಡು ಯಾಕೆ ಒದ್ದಾಡುತ್ತೀರಿ? ನನ್ನ ಪ್ರೀಮಿಯರ್ 118 ಎನ್‌ಇ ಕಾರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದೆ. ನಿಸ್ಸಾನಿನ ಎ12 ಎಂಜಿನ್, 1171 ಸಿಸಿ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಶಿರಾಡಿ ಘಾಟಿಯಲ್ಲಿ ಈಗಿನ ಗಾಡಿಗಳ ಹಿಂದೆಯೇ ಹೋಗುತ್ತೇನೆ. ಡ್ಯಾಶ್‌ಬೋರ್ಡ್ ಕೂಡ ಒರಿಜಿನಲ್.

ಟೈಮಿಂಗ್‌ಲೈಟ್:
ಒಂದು ಮಾತು ಯಾರೂ ಕೇಳಿಲ್ಲ. ಮಿಸ್ಸಿಂಗ್ ಎಲ್ಲಿ? ಐಡಲ್‌ನಲ್ಲಾ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗಲಾ? ಏರು ಹತ್ತುವಾಗಲಾ? ಸಪಾಟು ರಸ್ತೆಯಲ್ಲಿ ಹಗುರಕ್ಕೆ ಹೋಗುವಾಗಲಾ? ತಣ್ಣಗಿದ್ದಾಗ ಹೇಗೆ, ಬಿಸಿಯಾದ ಮೇಲೆ ಹೇಗೆ?

ಸಾಗರದ800:
ಐಡಲ್ ಚೆನ್ನಾಗಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಏರೂ ಸಲೀಸಾಗಿ ಹತ್ತುತ್ತದೆ. ಚೂರೇ ಚೂರು ಒತ್ತಿಕೊಂಡು 50-60ರಲ್ಲಿ ಹೋಗುವಾಗಲೇ ಕಾಟ. ಬಿಸಿ ತಣ್ಣಗೆ ಅಂತ ಏನೂ ವ್ಯತ್ಯಾಸ ಇಲ್ಲ. ಗ್ಯಾಸಿಗೆ ಹಾಕಿದರೂ ಅದೇ ಕಥೆ.

ಕಾರ್ಬ್‌ಪ್ರೇಮಿ:
ಗ್ಯಾಸಾ? ಎಲ್‌ಪಿಜಿ ಕಿಟ್ ಇದೆ ಅಂತ ಈಗ ಹೇಳುತ್ತಿದ್ದೀರಾ?

ಸಾಗರದ800:
ಇದೆ. ಹಳೇ 800 ಅಂದ ಮೇಲೆ ಕಿಟ್ ಇರುವುದು ಮಾಮೂಲಿ ತಾನೇ.

ಬ್ರೇಕ್‌ಇನ್‌ಸ್ಪೆಕ್ಟರ್:
ಆರ್‌ಸಿಯಲ್ಲಿ ಎಂಟ್ರಿ ಮಾಡಿಸಿದ್ದೀರಾ? ಇಲ್ಲದಿದ್ದರೆ ಇನ್ಶೂರೆನ್ಸ್ ಕ್ಲೇಮ್ ಬಂದಾಗ ತೊಂದರೆ. ಸಿಲಿಂಡರ್ ಟೆಸ್ಟ್ ತಾರೀಕು ಕೂಡ ನೋಡಿಕೊಳ್ಳಿ.

ಸಾಗರದ800:
ಎಂಟ್ರಿ ಇದೆ ಸರ್, ಟೆಸ್ಟೂ ಆಗಿದೆ. ನಾನು ಕೇಳಿದ್ದು ಮಿಸ್ಸಿಂಗ್ ಬಗ್ಗೆ.

ಟೈಮಿಂಗ್‌ಲೈಟ್:
ಗ್ಯಾಸಲ್ಲೂ ಹೀಗೇ ಅಂದರೆ ಇ20 ಕಥೆ ಅಲ್ಲಿಗೆ ಮುಗಿಯಿತು. ಗ್ಯಾಸಲ್ಲಿ ಓಡುವಾಗ ಪೆಟ್ರೋಲ್ ಟ್ಯಾಂಕ್, ಪಂಪ್, ಜೆಟ್ ಯಾವುದಕ್ಕೂ ಕೆಲಸ ಇಲ್ಲ. ಎರಡಕ್ಕೂ ಸೇರಿದ್ದು ಕಿಡಿ.

ಹಳೇಗಾಡಿ_ಹುಚ್ಚ:
ಎರಡೂ ಬೇರೆ ಬೇರೆ ತೊಂದರೆ ಯಾಕಾಗಿರಬಾರದು? ಗ್ಯಾಸಲ್ಲಿ ವೇಪರೈಸರ್ ಡಯಾಫ್ರಮ್ ಹೋಗಿರಬಹುದು, ಪೆಟ್ರೋಲಲ್ಲಿ ಎಥನಾಲ್. ರಬ್ಬರ್ ಪೈಪ್ ಒಮ್ಮೆ ಒತ್ತಿ ನೋಡಿ, ಮೆತ್ತಗಾಗಿ ಊದಿರುತ್ತದೆ.

ಟೈಮಿಂಗ್‌ಲೈಟ್:
ಪೈಪ್ ನೋಡಲಿ, ಬೇಡ ಅನ್ನಲ್ಲ. ಬೆಂಕಿಯ ಭಯಕ್ಕಾದರೂ ನೋಡಬೇಕು. ಆದರೆ ಒಂದೇ ವೇಗದಲ್ಲಿ, ಒಂದೇ ರೀತಿ ಜರ್ಕ್ ಹೊಡೆಯಲು ಎರಡು ರೋಗ ಒಟ್ಟಿಗೆ ಬರಬೇಕಾ?

ಸಾಗರದವರೇ, ನಿಮ್ಮ ಗಾಡಿ ಹೇಳುತ್ತಿರುವುದೇ ತಲೆಕೆಳಗು. ಪ್ಲಗ್, ವೈರ್ ಅಥವಾ ಕಾಯಿಲ್ ಬಡಕಲಾದರೆ ಮಿಸ್ಸಿಂಗ್ ಏರಿನಲ್ಲೇ ಮೊದಲು ಬರುತ್ತದೆ. ಪೂರ್ತಿ ಒತ್ತಿದಾಗ ಸಿಲಿಂಡರಿನಲ್ಲಿ ಒತ್ತಡ ಜಾಸ್ತಿ, ಅದರಲ್ಲಿ ಕಿಡಿ ಹಾರಲು ವೋಲ್ಟೇಜೂ ಜಾಸ್ತಿ ಬೇಕು. ಪೆಟ್ರೋಲ್ ಸಾಲದಿದ್ದರೂ ಏರಿನಲ್ಲೇ ಗೊತ್ತಾಗುತ್ತದೆ. ನಿಮ್ಮದು ಏರಿನಲ್ಲಿ ಸರಿ, ಐಡಲ್‌ನಲ್ಲೂ ಸರಿ. ಹಗುರ ಆಕ್ಸಿಲರೇಟರಲ್ಲಿ ಮಾತ್ರ ಕೆಲಸ ಮಾಡುವುದು ಯಾವುದು ಹೇಳಿ? ವ್ಯಾಕ್ಯೂಮ್ ಅಡ್ವಾನ್ಸ್. ಮೂರೂ ಪ್ಲಗ್ಗಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಪಕ್ಕದ ತಟ್ಟೆಯಂಥ ಡಬ್ಬಿ. ಕಾರ್ಬೊರೇಟರಿನಿಂದ ಅದಕ್ಕೆ ಸಣ್ಣ ಪೈಪ್ ಬರುತ್ತದೆ. ಥ್ರಾಟಲ್ ಸ್ವಲ್ಪ ತೆರೆದಾಗ, ಕಿಡಿ ಚೂರು ಬೇಗ ಹಾರಲಿ ಅಂತ, ಅದು ಒಳಗಿನ ಪ್ಲೇಟನ್ನು ಎಳೆದು ತಿರುಗಿಸುತ್ತದೆ. ಐಡಲ್‌ನಲ್ಲಿ ಎಳೆಯುವುದಿಲ್ಲ. ಪೂರ್ತಿ ಒತ್ತಿದರೆ ವ್ಯಾಕ್ಯೂಮೇ ಇರುವುದಿಲ್ಲ, ಪ್ಲೇಟ್ ವಾಪಸ್.

ಆ ಪ್ಲೇಟ್ ಮೇಲೇ ಪಾಯಿಂಟ್ ಕೂತಿದೆ. ಮಧ್ಯೆ ಬೆರಳುದ್ದ ಇಲ್ಲದ ಅರ್ತ್ ವೈರ್ ಒಂದು. ಪ್ಲೇಟ್ ಆಡಿದಾಗಲೆಲ್ಲ ಅದು ಬಗ್ಗುತ್ತದೆ. ಮೂವತ್ತು ವರ್ಷ ಬಗ್ಗಿದರೆ ಎಳೆ ತುಂಡಾಗುತ್ತದೆ. ಆಗ ಪಾಯಿಂಟಿಗೆ ಅರ್ತ್ ತಪ್ಪುತ್ತದೆ, ಕಿಡಿಯೂ ತಪ್ಪುತ್ತದೆ. ಪಾಯಿಂಟ್ ಹೊಸದು ಹಾಕುವಾಗ ಆ ವೈರನ್ನು ಯಾರೂ ಮುಟ್ಟುವುದಿಲ್ಲ.

ಮೊದಲು ಇಷ್ಟು ಮಾಡಿ. ವ್ಯಾಕ್ಯೂಮ್ ಪೈಪನ್ನು ಡಿಸ್ಟ್ರಿಬ್ಯೂಟರ್ ಕಡೆ ಕಿತ್ತು, ಪೈಪಿನ ಬಾಯಿಗೆ ಸ್ಕ್ರೂ ತುರುಕಿ ಓಡಿಸಿ. ಟೈಮಿಂಗ್ ಲೈಟ್ (ವೈರಿನಲ್ಲಿ ಕಿಡಿ ಹೋದಾಗಲೆಲ್ಲ ಮಿನುಗುವ ಲೈಟ್) ಸಿಕ್ಕಿದರೆ ಒಂದೊಂದು ಪ್ಲಗ್ ವೈರಿಗೂ ಹಾಕಿ ನೋಡಿ. ಒಂದರಲ್ಲೇ ಬೆಳಕು ತಪ್ಪಿದರೆ ಆ ವೈರ್, ಪ್ಲಗ್ ಅಥವಾ ಕ್ಯಾಪ್. ಮೂರರಲ್ಲೂ ತಪ್ಪಿದರೆ ತೊಂದರೆ ಕ್ಯಾಪಿಗಿಂತ ಹಿಂದೆ, ಪಾಯಿಂಟ್, ಕಾಯಿಲ್ ಕಡೆ.

ಕಾರ್ಬ್‌ಪ್ರೇಮಿ:
ಲೀನ್ ಮಿಕ್ಸ್ಚರಿಗೂ ಹಗುರ ಆಕ್ಸಿಲರೇಟರಲ್ಲೇ ಜರ್ಕ್ ಬರುತ್ತದೆ. ನಾನು ಇನ್ನೂ ಜೆಟ್ ಅಂತಲೇ ಹೇಳುತ್ತೇನೆ.

ಟೈಮಿಂಗ್‌ಲೈಟ್:
ಬರುತ್ತದೆ. ಆದರೆ ಅದು ದಿನಾ ಬರುತ್ತದೆ. ಲೀನ್ ಆದ ಜೆಟ್ ಸೋಮವಾರ ಸರಿಯಿದ್ದು ಮಂಗಳವಾರ ಕೆಡುವುದಿಲ್ಲ. ಪೆಟ್ರೋಲ್ ಜೆಟ್ಟಿಗೆ ಗ್ಯಾಸಿನ ಸಹವಾಸವೂ ಇಲ್ಲ.

ಕಂಡೆನ್ಸರ್_ಕಿಟ್ಟಣ್ಣ:
ಕಂಡೆನ್ಸರ್ ನೋಡಿದಿರಾ? ಈಗ ಬರುವ ಕಂಡೆನ್ಸರ್ ಹೊಸದೇ ಸತ್ತಿರುತ್ತದೆ. ನಾನು ಹಳೇ ಗಾಡಿಗಳಿಂದ ಕಿತ್ತಿಟ್ಟದ್ದು ಒಂದು ಡಬ್ಬಿ ತುಂಬ ಇದೆ.

ಟೈಮಿಂಗ್‌ಲೈಟ್:
ಕಂಡೆನ್ಸರ್ ಹೋದರೆ ಪಾಯಿಂಟ್ ಮುಖ ಸುಟ್ಟು ಕಪ್ಪಾಗುತ್ತದೆ. ಸ್ಟಾರ್ಟ್ ಆಗೋದೇ ಕಷ್ಟ. ಇವರಿಗೆ ಆ ತರ ಏನೂ ಇಲ್ಲ.

ಸಾಗರದ800:
ಪರಿಚಯದವರ ಹತ್ತಿರ ಲೈಟ್ ಸಿಕ್ಕಿತು. ನಿಂತಲ್ಲೇ ಹಗುರ ರೇಸ್ ಕೊಟ್ಟು ಹಿಡಿದಾಗ ಮೂರೂ ವೈರಿನಲ್ಲಿ ಬೆಳಕು ತಪ್ಪುತ್ತದೆ. ಕಾಯಿಲಿನಿಂದ ಬರುವ ನಡುವಿನ ದಪ್ಪ ವೈರಿಗೆ ಹಾಕಿದರೂ ತಪ್ಪುತ್ತದೆ. ಪೈಪಿಗೆ ಸ್ಕ್ರೂ ತುರುಕಿ ಆಯನೂರಿನವರೆಗೆ ಹೋಗಿ ಬಂದೆ. ಪಿಕಪ್ ಸ್ವಲ್ಪ ಮಂಕು, ಆದರೆ ಮಿಸ್ಸಿಂಗ್ ಇಲ್ಲ. ಹೀಗೇ ಓಡಿಸಿಬಿಡಲಾ?

ಟೈಮಿಂಗ್‌ಲೈಟ್:
ಓಡಿಸಬಹುದು, ಮೈಲೇಜ್ ಬೀಳುತ್ತದೆ. ಸುಮ್ನೆ ಯಾಕೆ? ಬ್ಯಾಟರಿ ನೆಗೆಟಿವ್ ಬಿಚ್ಚಿ, ಕ್ಯಾಪ್ ತೆಗೆಯಿರಿ. ಮಲ್ಟಿಮೀಟರ್ ಬೀಪ್‌ಗೆ ಇಡಿ, ಸಂಪರ್ಕ ಇದ್ದಷ್ಟು ಹೊತ್ತು ಕೂಗುತ್ತದೆ. ಒಂದು ಮುಳ್ಳು ಪಾಯಿಂಟ್ ಕೂತ ಪ್ಲೇಟಿಗೆ, ಇನ್ನೊಂದು ಡಿಸ್ಟ್ರಿಬ್ಯೂಟರ್ ಮೈಗೆ. ಆಮೇಲೆ ವ್ಯಾಕ್ಯೂಮ್ ಡಬ್ಬಿಗೆ ಬೇರೆ ಚೊಕ್ಕ ಪೈಪ್ ಸಿಕ್ಕಿಸಿ ಬಾಯಲ್ಲಿ ಎಳೆಯಿರಿ. ಗಾಡಿಯದೇ ಪೈಪ್ ಬಾಯಿಗೆ ಇಡಬೇಡಿ, ಪೆಟ್ರೋಲ್ ಇರುತ್ತದೆ. ಪ್ಲೇಟ್ ತಿರುಗುವಾಗ ಬೀಪ್ ಕಡಿಯುತ್ತದಾ ನೋಡಿ.

ಕುಡ್ಲ_118:
ಬೀಪ್ ಗೀಪ್ ಎಲ್ಲ ಬೇಡ ಮಾರಾಯ್ರೇ. ಎಲೆಕ್ಟ್ರಾನಿಕ್ ಕಿಟ್ ಹಾಕಿ.

ಟೈಮಿಂಗ್‌ಲೈಟ್:
ಕಿಟ್ ಕೂರುವುದೂ ಅದೇ ಪ್ಲೇಟ್ ಮೇಲೆ. ಅದಕ್ಕೂ ಆಡುವ ವೈರ್ ಇದ್ದೇ ಇರುತ್ತದೆ.

ಸಾಗರದ800:
ಸಿಕ್ಕಿತು! ಪ್ಲೇಟ್ ಸುಮ್ಮನಿದ್ದಾಗ ಉದ್ದಕ್ಕೆ ಬೀಪ್. ಬಾಯಲ್ಲಿ ಎಳೆದ ಕೂಡಲೇ ಬೀ... ಬೀ... ಬೀ ಅಂತ ತುಂಡು ತುಂಡು. ಅರ್ಧ ಎಳೆದು ಹಿಡಿದರೆ ಪೂರ್ತಿ ನಿಂತೇ ಹೋಯಿತು. ಟಾರ್ಚ್ ಹಾಕಿ ನೋಡಿದರೆ ಸ್ಕ್ರೂ ಪಕ್ಕದಲ್ಲೇ ವೈರಿನ ಎಳೆಗಳೆಲ್ಲ ಹಸಿರುಗಟ್ಟಿ ತುಂಡಾಗಿವೆ. ಎರಡೋ ಮೂರೋ ಎಳೆ ಕೂದಲಿನಷ್ಟು ಸಣ್ಣಗೆ ಹಿಡಿದುಕೊಂಡಿವೆ. ಮೇಲಿನಿಂದ ನೋಡಿದರೆ ವೈರ್ ಕೂತಲ್ಲೇ ಕೂತ ಹಾಗೆ ಕಾಣುತ್ತದೆ. ಈ ವೈರ್ ಬಿಡಿಯಾಗಿ ಸಿಗುತ್ತದಾ?

ಕಾರ್ಬ್‌ಪ್ರೇಮಿ:
ಬೆಂಗಳೂರು ಜೆ.ಸಿ. ರೋಡಲ್ಲಿ ಹುಡುಕಿದರೆ ಡಿಸ್ಟ್ರಿಬ್ಯೂಟರೇ ಸಿಗಬಹುದು. ವೈರ್ ಮಾತ್ರ ಕಷ್ಟ. ಹಳೆಯದನ್ನೇ ಸೋಲ್ಡರ್ ಮಾಡಿ.

ಟೈಮಿಂಗ್‌ಲೈಟ್:
ಸೋಲ್ಡರ್ ಬೇಡ. ಸೀಸ ಎಳೆಗಳ ಒಳಗೆ ಹತ್ತಿ ವೈರ್ ಗಟ್ಟಿಯಾಗುತ್ತದೆ, ಗಟ್ಟಿಯಾದ ಕಡೆಯೇ ಮತ್ತೆ ಮುರಿಯುತ್ತದೆ. ಮಲ್ಟಿಮೀಟರಿನ ಹಳೇ ವೈರ್ ಇದ್ದರೆ ಕತ್ತರಿಸಿ. ಒಳಗೆ ನೂಲಿನಂಥ ಎಳೆಗಳು, ಮೆತ್ತಗೆ ಬಗ್ಗುತ್ತದೆ. ಎರಡೂ ತುದಿಗೆ ಲಗ್ ಹಾಕಿ ಒತ್ತಿಸಿ. ಸ್ವಲ್ಪ ಸಡಿಲ ಬಿಡಿ, ಆದರೆ ರೋಟರಿಗೂ ಕ್ಯಾಮಿಗೂ ತಾಗಬಾರದು.

ಕಾರ್ಬ್‌ಪ್ರೇಮಿ:
ನಾನು ಸೋಲ್ಡರ್ ಮಾಡಿದ್ದು ಇನ್ನೂ ಓಡುತ್ತಿದೆ.

ಟೈಮಿಂಗ್‌ಲೈಟ್:
ಆಡದೇ ಇರುವ ವೈರಿಗೆ ಓಡುತ್ತದೆ.

ಕಂಡೆನ್ಸರ್_ಕಿಟ್ಟಣ್ಣ:
ಬಿಚ್ಚಿದ್ದೀರಲ್ಲ, ಹಾಗೇ ಕಂಡೆನ್ಸರೂ ಒಂದು ಹಾಕಿಬಿಡಿ. ನನ್ನ ಡಬ್ಬಿಯಿಂದ ಕಳಿಸುತ್ತೇನೆ.

ಸಾಗರದ800:
ವೈರ್ ಹಾಕಿದೆ, ವ್ಯಾಕ್ಯೂಮ್ ಪೈಪ್ ವಾಪಸ್ ಸಿಕ್ಕಿಸಿದೆ. ಲೈಟಿನಲ್ಲಿ ಬೆಳಕು ತಪ್ಪುತ್ತಿಲ್ಲ. ಪಾಯಿಂಟ್ ಗ್ಯಾಪ್ ಮತ್ತೆ ನೋಡಿ ಟೈಮಿಂಗ್ ಇಟ್ಟೆವು. ಶಿವಮೊಗ್ಗದವರೆಗೂ ಹಗುರ ಕಾಲಲ್ಲೇ ಹೋದೆ, ಪೆಟ್ರೋಲಲ್ಲಿ ಹೋಗಿ ಗ್ಯಾಸಲ್ಲಿ ಬಂದೆ. ಒಂದು ಜರ್ಕೂ ಇಲ್ಲ. ಹೆಡ್ ಇಳಿಸುವ ಮಾತು ಗ್ಯಾರೇಜಿನವರೇ ಕೈಬಿಟ್ಟರು. ಟೈಮಿಂಗ್‌ಲೈಟ್ ಸರ್, ನಮ್ಮ ಕಡೆ ಬಂದರೆ ಊಟಕ್ಕೆ ಬರಬೇಕು.

ಹಳೇಗಾಡಿ_ಹುಚ್ಚ:
ಸಂತೋಷ. ಪೈಪ್ ಮಾತ್ರ ಬದಲಿಸಿ.

ಕುಡ್ಲ_118:
118ರ ಫೋಟೋ ಹಾಕುತ್ತೇನೆ ಇರಿ. ಮೊನ್ನೆ ಬಂಪರಿಗೆ ಹೊಸ ಕ್ರೋಮ್ ಆಯಿತು.

ಹೊಸಬ_ಹಾಸನ:
ಎಲ್ಲರಿಗೂ ನಮಸ್ಕಾರ. ನನ್ನ ಸ್ವಿಫ್ಟ್ ಪೆಟ್ರೋಲ್ ಕೂಡ ಮಿಸ್ಸಿಂಗ್. ಇದೇ ವೈರ್ ಹಾಕಿದರೆ ಸರಿಹೋಗುತ್ತದಾ?

ಟೈಮಿಂಗ್‌ಲೈಟ್:
ಅದರಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಬೇರೆಯಾಗಿ ಬರೆಯಿರಿ. ವರ್ಷ, ಎಷ್ಟು ಓಡಿದೆ, ಐಡಲ್‌ನಲ್ಲಾ ಏರಿನಲ್ಲಾ, ಚೆಕ್ ಲೈಟ್ ಬಂದಿದೆಯಾ, ಎಲ್ಲ ಹಾಕಿ. ಗ್ಯಾಸ್ ಕಿಟ್ ಇದ್ದರೆ ಅದನ್ನೂ.

ಹೊಸಬ_ಹಾಸನ:
ಸಿಎನ್‌ಜಿ ಇದೆ ಸರ್.